ಭತ್ತದ ಗದ್ದೆಗೊಂದು ತೂತಿನ ಪೈಪು

ಭೂಮಿ ಬಿಸಿಯಾಗುವುದೆಂದರೆ ನಮಗೆ ಕಾರು, ಕಾರ್ಖಾನೆಯೇ ನೆನಪಾಗುತ್ತವೆ. ನೀರು ನಿಂತ ಭತ್ತದ ಗದ್ದೆಯ ಪಾಲೂ ಇದೆ. ನಿಂತ ನೀರು ಮಣ್ಣಿಗೆ ಗಾಳಿ ಹೋಗದಂತೆ ತಡೆದಾಗ ಅಲ್ಲಿನ ಸೂಕ್ಷ್ಮಜೀವಿಗಳು ಭೂಮಿಯನ್ನು ಬಿಸಿಯಾಗಿಸುವ ಮೀಥೇನ್ ಅನಿಲ ಹುಟ್ಟಿಸುತ್ತವೆ. ಬಹುಪಾಲು ಪೈರಿನ ಕಾಂಡದೊಳಗಿಂದಲೇ ಹೊರಬರುತ್ತದೆ. ಮಧ್ಯೆ ಮಧ್ಯೆ ಗದ್ದೆ ಆರಲು ಬಿಟ್ಟರೆ ಇದು ಸಾಕಷ್ಟು ತಗ್ಗುತ್ತದೆ.

ಮಣ್ಣಿನೊಳಗೆ ನೀರು ಎಷ್ಟು ಇಳಿದಿದೆ, ಮತ್ತೆ ಯಾವಾಗ ಹಾಯಿಸಬೇಕು ಎಂದು ತಿಳಿಯಲು ಒಂದು ಪೈಪು ಸಾಕು. 30 ಸೆಂ.ಮೀ. ಉದ್ದ, 10–15 ಸೆಂ.ಮೀ. ಅಗಲದ ಪಿವಿಸಿ ಪೈಪಿನ ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಕೊರೆಯಿರಿ. ಬದುವಿನ ಹತ್ತಿರ, ಸಮತಟ್ಟಾದ ಕಡೆ ಆ ಅರ್ಧವನ್ನು ಹೂತು, ಒಳಗಿನ ಮಣ್ಣು ತೆಗೆಯಿರಿ. ಕೆಲವು ಗಂಟೆ ಕಳೆದರೂ ಒಳಗಿನ ನೀರು ಹೊರಗಿನ ಮಟ್ಟಕ್ಕೆ ಬರದಿದ್ದರೆ ತೂತು ಕಟ್ಟಿಕೊಂಡಿದೆ, ಕಿತ್ತು ಮತ್ತೆ ಹೂಳಿ.

ನಾಟಿಯಾಗಿ ಎರಡು ವಾರದ ನಂತರ ಗದ್ದೆ ಆರಗೊಡಲು ಶುರು. ಕಳೆ ಜಾಸ್ತಿಯಿದ್ದರೆ ಇನ್ನೊಂದು ವಾರ ತಡೆಯಿರಿ. ನೀರು ಮಣ್ಣಿನ ಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ, ಅಂದರೆ ಪೈಪಿನ ತಳ ಕಂಡಾಗ, 5 ಸೆಂ.ಮೀ. ನಿಲ್ಲುವಷ್ಟು ಹಾಯಿಸಿ. ಹೂ ಬರುವ ಹಿಂದಿನ ವಾರ, ಮುಂದಿನ ವಾರ ಮಾತ್ರ ಆರಗೊಡಬೇಡಿ, ಕಾಳು ಜೊಳ್ಳಾದೀತು. ಯೂರಿಯಾವನ್ನು ಆರಿದ ಮಣ್ಣಿಗೆ ಹಾಕಿ ಕೂಡಲೇ ನೀರು ಕೊಡಿ.

ಬೋರ್‌ವೆಲ್ ಗದ್ದೆಗೆ ಇದು ಸುಲಭ. ಸರದಿ ನೀರು ಕಾಯುವ ನಾಲೆಯ ಕೊನೆಭಾಗದವರು ನೀರು ಬಂದಾಗ ತುಂಬಿಸಿಕೊಳ್ಳುತ್ತಾರೆ, ಅವರನ್ನು ದೂರುವಂತಿಲ್ಲ.