ಎರಡೊಂಬತ್ಲೆ ಹದಿನೆಂಟು, ಮೂರಾರ್ಲೆಯೂ ಹದಿನೆಂಟೇ

ಮೊನ್ನೆ ಅಟ್ಟ ಖಾಲಿ ಮಾಡುವಾಗ ನನ್ನ ಹಳೇ ಕಂಪ್ಯೂಟರಿನ ಡಬ್ಬ ಕೆಳಗಿಳಿಯಿತು. ಒಂದು ಬದಿಯ ಮುಚ್ಚಳ ಇಲ್ಲ. ಅದನ್ನು 2008ರಲ್ಲೇ ಬಿಚ್ಚಿ ಎಲ್ಲೋ ಇಟ್ಟು ಮರೆತಿದ್ದೆ, ಯಾಕೆಂದರೆ ಆ ಬೇಸಿಗೆ ಪೂರ್ತಿ ತೆರೆದ ಬದಿಗೆ ಟೇಬಲ್ ಫ್ಯಾನ್ ತಿರುಗಿಸಿಟ್ಟು ಪ್ರೊಸೆಸರನ್ನು ಅದರ ನಿಗದಿತ ವೇಗಕ್ಕಿಂತ ಜೋರಾಗಿ ಓಡಿಸಿದ್ದೆ. ಇದಕ್ಕೆ ಓವರ್‌ಕ್ಲಾಕಿಂಗ್ ಅಂತ ಹೆಸರು. ಊರು ರಾಯಚೂರು, ತಿಂಗಳು ಏಪ್ರಿಲ್. ಓವರ್‌ಕ್ಲಾಕಿಂಗ್‌ಗೆ ಇದಕ್ಕಿಂತ ಕೆಟ್ಟ ಜಾಗ, ಕೆಟ್ಟ ತಿಂಗಳು ಹುಡುಕಿದರೂ ಸಿಗಲ್ಲ.

ಒಳಗಿದ್ದದ್ದು ಇಂಟೆಲ್ ಕಂಪನಿಯ ಪೆಂಟಿಯಂ ಡ್ಯುಯಲ್ ಕೋರ್ ಇ2160. 2007ರಲ್ಲಿ ಬಂದ ಚಿಪ್, 1.8 ಗಿಗಾಹರ್ಟ್ಸ್. ಬಡವರ ಕೋರ್ 2 ಡ್ಯುಯೊ ಅನ್ನಬಹುದು, ಒಳಗಿನ ಕಸುಬೆಲ್ಲ ಅದೇ, ಕ್ಯಾಶ್ (ಚಿಪ್ಪಿನೊಳಗಿನ ಪುಟ್ಟ ಮೆಮೊರಿ) ಮಾತ್ರ ಕಡಿಮೆ, 1 ಎಂಬಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿಯವನು "800 ಬಸ್ ಸಾರ್, ಫಾಸ್ಟ್ ಇರುತ್ತೆ" ಅಂದಿದ್ದ. ಆ 800 ಕಾಲು ಭಾಗ ನಿಜ. ಬಸ್ ಅಂದರೆ ಪ್ರೊಸೆಸರಿಗೂ ಉಳಿದ ಬೋರ್ಡಿಗೂ ನಡುವೆ ಡೇಟಾ ಓಡುವ ದಾರಿ, ಅದರ ಕ್ಲಾಕ್ ಇರುವುದು 200 ಮೆಗಾಹರ್ಟ್ಸ್. ಒಂದೊಂದು ಬಡಿತಕ್ಕೂ ನಾಲ್ಕು ಸಲ ಡೇಟಾ ಸಾಗಿಸುತ್ತದೆ ಅಂತ ಡಬ್ಬದ ಮೇಲೆ 800 ಬರೆಯುತ್ತಾರೆ. ಪ್ರೊಸೆಸರ್ ಈ 200ನ್ನು ತನ್ನ ಮಲ್ಟಿಪ್ಲೈಯರ್ 9ರಿಂದ ಗುಣಿಸಿ 1800 ಮಾಡಿಕೊಳ್ಳುತ್ತದೆ. ಎರಡೊಂಬತ್ಲೆ ಹದಿನೆಂಟು. ಮಗ್ಗಿ ಬಂದರೆ ಸಾಕು.

ಹಾಗಾದರೆ 9ನ್ನು 12 ಮಾಡಿದರೆ ಆಯ್ತಲ್ವಾ? ಆಗಲ್ಲ, ಬೀಗ ಹಾಕಿದ್ದಾರೆ. ತೊಂಬತ್ತರ ದಶಕದಲ್ಲಿ ಕಡಿಮೆ ವೇಗದ ಚಿಪ್ ಮೇಲೆ ಜಾಸ್ತಿ ವೇಗದ ನಂಬರ್ ಒತ್ತಿ ಮಾರುವವರು ಹುಟ್ಟಿಕೊಂಡಿದ್ದರು, ಇಂಟೆಲ್ ಬೀಗ ಹಾಕಿದ್ದಕ್ಕೆ ಅದೂ ಒಂದು ಕಾರಣ. ಆದರೆ ಬಸ್ಸಿಗೆ ಬೀಗ ಇರಲಿಲ್ಲ. 1998ರ ಸೆಲೆರಾನ್ 300ಎ ಹೆಸರಾಗಿದ್ದೇ ಹಾಗೆ: ಮಲ್ಟಿಪ್ಲೈಯರ್ 4.5ಕ್ಕೆ ಕೂತಿತ್ತು, ಜನ ಬಸ್ಸನ್ನು 66ರಿಂದ 100ಕ್ಕೆ ಏರಿಸಿ 300ರ ಚಿಪ್ಪನ್ನು 450ರಲ್ಲಿ ಓಡಿಸಿದರು. ಇಂಟೆಲ್ ಎದುರಾಳಿ ಎಎಂಡಿಯ ಡ್ಯುರಾನ್ ಚಿಪ್ ಇದ್ದವರು ಇನ್ನೂ ಜಾಣರು. ಚಿಪ್ ಮೇಲೆ ಕಡಿದಿಟ್ಟಿದ್ದ ಸಣ್ಣ ಸಣ್ಣ ಗೆರೆಗಳನ್ನು ಪೆನ್ಸಿಲ್ಲಿನಿಂದ ತೀಡಿ ಕೂಡಿಸಿ ಬೀಗವನ್ನೇ ತೆಗೆದುಬಿಟ್ಟರು, ಪೆನ್ಸಿಲ್ ಕಡ್ಡಿಯಲ್ಲಿ ಕರೆಂಟ್ ಹರಿಯುತ್ತದಲ್ಲ! ನನ್ನ ಚಿಪ್ಪಿಗೆ ಪೆನ್ಸಿಲ್ ಉಪಯೋಗವಿಲ್ಲ. ಬೀಗ ಮೇಲಕ್ಕೆ ಮಾತ್ರ, ಕೆಳಕ್ಕೆ 6ರವರೆಗೆ ಇಳಿಸಬಹುದಿತ್ತು. ದುಡ್ಡು ಕೊಟ್ಟು ತಂದದ್ದನ್ನು ಯಾರು ಇಳಿಸುತ್ತಾರೆ ಅಂತ ಆ ಆಯ್ಕೆಯನ್ನು ನೋಡಿಯೂ ನೋಡದಂತೆ ಇದ್ದೆ.

ಸರಿ, ಡಿಲೀಟ್ ಕೀ ಒತ್ತಿ ಬಯೋಸ್ (ಬೋರ್ಡಿನ ಸೆಟ್ಟಿಂಗ್ ಮೆನು) ಒಳಗೆ ಹೋಗಿ ಮೊದಲು ಗ್ರಾಫಿಕ್ಸ್ ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ಸನ್ನು 100ಕ್ಕೆ ಕಟ್ಟಿಹಾಕಿದೆ. ಅದನ್ನು ಆಟೋದಲ್ಲಿ ಬಿಟ್ಟರೆ ಕೆಲವು ಬೋರ್ಡುಗಳಲ್ಲಿ ಬಸ್ಸಿನ ಜೊತೆ ಅದೂ ಏರುತ್ತದೆ. ಆಮೇಲೆ ಬಸ್ 200ರಿಂದ 220. ಏನೂ ಆಗಲಿಲ್ಲ. 240. ಆರಾಮಾಗಿ ವಿಂಡೋಸ್ ಬಂತು. ಧೈರ್ಯ ಬಂದು ಸೀದಾ 300 ಹಾಕಿದೆ. ಒಂಬತ್ಮೂರ್ಲೆ ಇಪ್ಪತ್ತೇಳು, 2.7 ಗಿಗಾಹರ್ಟ್ಸ್!

ಪರದೆ ಕಪ್ಪು. ಫ್ಯಾನ್ ಮಾತ್ರ ತಿರುಗುತ್ತಿದೆ. ಒಂದು ಬೀಪ್ ಕೂಡ ಇಲ್ಲ. ಹಿಂದಿನ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಅವ್ವ ತಲೆ ಎತ್ತಿ, "ಚಲೋ ಇದ್ದದ್ದನ್ನ ಕೆಡಿಸಿ ಕುಂತಿಯೇನೋ?" ಅಂದಳು. ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬೋರ್ಡಿನ ಮೇಲೆ ಬಯೋಸ್ ಸೆಟ್ಟಿಂಗ್ ಅಳಿಸುವ ಜಂಪರ್ (ಟೋಪಿ ಹಾಕಿದ ಪುಟ್ಟ ಪಿನ್) ಇತ್ತು, ಅದರ ಟೋಪಿ ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ, ಕೈಯಿಂದ ಜಾರಿ ಪವರ್ ಸಪ್ಲೈ ಕೆಳಗೆ ಬಿತ್ತು. ಕೊನೆಗೆ ಪ್ಲಗ್ ಕಿತ್ತು, ನಾಣ್ಯದಂಥ ಆ ಸಿಆರ್2032 ಬ್ಯಾಟರಿಯನ್ನು ಉಗುರಿನಲ್ಲಿ ಎಬ್ಬಿಸಿ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿದೆ. ಯಂತ್ರ ಎದ್ದಿತು. ದಿನಾಂಕ ಹಿಂದಿನ ಯಾವುದೋ ಜನವರಿ 1ಕ್ಕೆ ಹೋಗಿತ್ತು, ಬಯೋಸ್‌ಗೆ ನಾನು ಮಾಡಿದ ಕಿತಾಪತಿ ಒಂದೂ ನೆನಪಿಲ್ಲ. ಅವ್ವನಿಗೆ ಮಾತ್ರ ನೆನಪಿತ್ತು.

ಎರಡು ದಿನ ನಾನು ಬೈದದ್ದು ಪ್ರೊಸೆಸರನ್ನು. ವೋಲ್ಟೇಜ್ ಸ್ವಲ್ಪ ಏರಿಸಿದೆ, ಇಲ್ಲ. ಇನ್ನೂ ಸ್ವಲ್ಪ ಏರಿಸಿದೆ, ಇಲ್ಲ. ಪ್ರತಿ ಸಲ ಮತ್ತೆ ಬ್ಯಾಟರಿ, ಮತ್ತೆ ಜನವರಿ 1. ನಡುವೆ ಕರೆಂಟ್ ಹೋಗುವುದು ಬೇರೆ, ಶಕ್ತಿನಗರದಲ್ಲಿ ಅಷ್ಟು ದೊಡ್ಡ ವಿದ್ಯುತ್ ಸ್ಥಾವರ ಪಕ್ಕದಲ್ಲೇ ಇದ್ದರೂ. ಚಿಪ್ಪೇ ಇಷ್ಟು ಅಂತ ಕೈಬಿಡುವುದರಲ್ಲಿದ್ದೆ.

ಆಗ ಹೊಳೆದದ್ದು ಆ ಬೇಡದ ಆಯ್ಕೆ. ಮಲ್ಟಿಪ್ಲೈಯರನ್ನು 6ಕ್ಕೆ ಇಳಿಸಿ, ಬಸ್ಸನ್ನು 300ಕ್ಕೆ ಇಟ್ಟರೆ? ಮೂರಾರ್ಲೆ ಹದಿನೆಂಟು. ಪ್ರೊಸೆಸರ್ ಪಾಲಿಗೆ ಅದೇ 1.8 ಗಿಗಾಹರ್ಟ್ಸ್, ಕಾರ್ಖಾನೆಯಿಂದ ಬಂದ ವೇಗ. ಅದಕ್ಕೆ ಒಂದು ಚೂರೂ ಜಾಸ್ತಿ ಕೆಲಸ ಇಲ್ಲ. ಹಾಗೆ ಇಟ್ಟು ಸ್ಟಾರ್ಟ್ ಮಾಡಿದೆ. ಪರದೆ ಕಪ್ಪು! ಜೀವನದಲ್ಲಿ ಕಪ್ಪು ಪರದೆ ನೋಡಿ ಖುಷಿಪಟ್ಟದ್ದು ಅದೊಂದೇ ಸಲ. ಅಂದರೆ ತಪ್ಪು ಪ್ರೊಸೆಸರಿನದಲ್ಲ, ಬಸ್ಸಿಗೆ ಕಟ್ಟಿಕೊಂಡ ಇನ್ಯಾವುದೋ ಬಡಪಾಯಿದು.

ಆ ಬಡಪಾಯಿ ರ‍್ಯಾಮ್. ನನ್ನದು ಡಿಡಿಆರ್2-667. ಡಿಡಿಆರ್ ಒಂದು ಬಡಿತಕ್ಕೆ ಎರಡು ಸಲ ಡೇಟಾ ಸಾಗಿಸುತ್ತದೆ, ಹಾಗಾಗಿ ಹೆಸರಿನ ನಂಬರ್ ಕ್ಲಾಕಿನ ಎರಡರಷ್ಟು. ಬಸ್ 200 ಇದ್ದಾಗ ರ‍್ಯಾಮ್ ಕ್ಲಾಕ್ 333, ಅಂದರೆ ಮೂರಕ್ಕೆ ಐದರ ಲೆಕ್ಕ. ಬಸ್ಸನ್ನು 300 ಮಾಡಿದರೆ ಅದೇ ಲೆಕ್ಕದಲ್ಲಿ ರ‍್ಯಾಮ್ 500ಕ್ಕೆ ಹೋಗುತ್ತದೆ, ಡಿಡಿಆರ್ ಭಾಷೆಯಲ್ಲಿ 1000. 667ರ ಕಡ್ಡಿಯಿಂದ 1000 ಕೇಳಿದರೆ ಅದು ಬಾಯಿ ಬಿಡದೆ ಸಾಯುತ್ತದೆ, ಬೀಪ್ ಇಲ್ಲದೆ.

ಮೋಸ ಇರುವುದು ಬಯೋಸ್ ಮೆನುವಿನಲ್ಲಿ. ಅಲ್ಲಿ ರ‍್ಯಾಮ್ ವೇಗ ಅಂತ 400, 533, 667 ಬರೆದಿರುತ್ತದೆ. ನಾನು ನನ್ನದು 667 ಅಲ್ವಾ ಅಂತ ನಿಯತ್ತಾಗಿ 667 ಇಟ್ಟಿದ್ದೆ. ಅವು ವೇಗಗಳೇ ಅಲ್ಲ, ಅನುಪಾತಗಳು. ಬಸ್ 200 ಇದ್ದರೆ ಮಾತ್ರ ಆ ನಂಬರ್ ನಿಜ. 400 ಅಂದರೆ ಒಂದಕ್ಕೆ ಒಂದು. ಅದನ್ನು ಆರಿಸಿ ಬಸ್ಸನ್ನು 300ಕ್ಕೆ ಇಟ್ಟರೆ ರ‍್ಯಾಮ್ 600ರಲ್ಲಿ ಓಡುತ್ತದೆ, ತನ್ನ ಮಿತಿಗಿಂತ ಕಡಿಮೆಯಲ್ಲೇ. ಮೆನುವಿನಲ್ಲಿ ಅಷ್ಟು ಚಿಕ್ಕ ನಂಬರ್ ಆರಿಸಲು ಕೈ ಬರಲ್ಲ, ಅದೇ ತೊಂದರೆ. ಆರಿಸಿದೆ. ವೋಲ್ಟೇಜನ್ನು ಮತ್ತೆ ಆಟೋಗೆ ಬಿಟ್ಟೆ. ಮಲ್ಟಿಪ್ಲೈಯರ್ 9. ಟಿಣ್ ಅಂತ ಒಂದು ಬೀಪ್, ಪರದೆ ಮೇಲೆ 2.70.

ಆಸೆ ನಿಲ್ಲಲ್ಲ. 333ಕ್ಕೂ ಹೋದೆ, ಹೆಚ್ಚುಕಡಿಮೆ 3 ಗಿಗಾಹರ್ಟ್ಸ್, ಅದಕ್ಕೆ ವೋಲ್ಟೇಜ್ ಕೊಡಲೇಬೇಕಾಯಿತು. ವೇಗ ಏರಿಸಿದರೆ ಬಿಸಿ ಅಷ್ಟಕ್ಕಷ್ಟೇ ಏರುತ್ತದೆ, ವೋಲ್ಟೇಜ್ ಏರಿಸಿದರೆ ಅದರ ವರ್ಗದಷ್ಟು ಏರುತ್ತದೆ. ಚಿಪ್ ಜೊತೆ ಪುಕ್ಕಟೆ ಬಂದ ಫ್ಯಾನಿಗೆ ರಾಯಚೂರಿನ ಮಧ್ಯಾಹ್ನದಲ್ಲಿ ಅದು ಆಗುವ ಮಾತಲ್ಲ. ಪ್ರೊಸೆಸರಿಗೆ ಬಿಡದೆ ಲೆಕ್ಕ ಕೊಟ್ಟು ಪರೀಕ್ಷಿಸುವ ಪ್ರೈಮ್95 ಹಾಕಿದ ಹತ್ತೇ ನಿಮಿಷಕ್ಕೆ ಲೆಕ್ಕ ತಪ್ಪಿತು ಅಂತ ನಿಂತಿತು. ಸುಮ್ನೆ 2.7ಕ್ಕೆ ಇಳಿದೆ. ಅಲ್ಲಿ ಇಡೀ ರಾತ್ರಿ ಓಡಿತು, ಟೇಬಲ್ ಫ್ಯಾನ್ ಅದಕ್ಕೆ, ಬೀಸಣಿಗೆ ನನಗೆ. ಲಾಭ ಏನು ಅಂದರೆ, ಎರಡು ಗಂಟೆ ಹಿಡಿಯುತ್ತಿದ್ದ ವಿಡಿಯೋ ಕನ್ವರ್ಟ್ ಕೆಲಸ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಬಂತು. ಗೇಮುಗಳು ಹಾಗೇ ಇದ್ದವು, ಅವುಗಳ ಕಾಲು ಎಳೆಯುತ್ತಿದ್ದದ್ದು ಗ್ರಾಫಿಕ್ಸ್.

ಈಗ ಈ ಆಟ ಹೆಚ್ಚುಕಡಿಮೆ ಇಲ್ಲ. ಇಂಟೆಲ್‌ನ 2011ರ ಪೀಳಿಗೆ ಸ್ಯಾಂಡಿ ಬ್ರಿಡ್ಜ್‌ನಿಂದ ಬಸ್ಸಿನ ಜಾಗಕ್ಕೆ ಬಂದ ಬೇಸ್ ಕ್ಲಾಕ್ 100, ಪಿಸಿಐ ಎಕ್ಸ್‌ಪ್ರೆಸ್, ಹಾರ್ಡ್ ಡಿಸ್ಕ್ ಕಟ್ಟುವ ಸಾಟಾ ಎಲ್ಲ ಅದಕ್ಕೇ ಜೋತುಬಿದ್ದವು, ನಾಲ್ಕೈದು ಏರಿಸುವಷ್ಟರಲ್ಲಿ ಗಲಾಟೆ ಶುರು. ಬೀಗ ತೆಗೆದ, ಹೆಸರಿನಲ್ಲಿ ಕೆ ಇರುವ ಚಿಪ್ ಬೇಕಾದರೆ ಜಾಸ್ತಿ ದುಡ್ಡು. ಪೆನ್ಸಿಲ್ ತೀಡಿದವರನ್ನು ನೆನೆಸಿಕೊಂಡರೆ ನನಗೆ ಇದು ಸ್ವಲ್ಪ ಸಪ್ಪೆ.

ಗೆಳೆಯನೊಬ್ಬನನ್ನು ಬಿಸಿಲಲ್ಲಿ ಮನೆಗೆ ಕರೆಸಿದ್ದೆ, 2.7 ತೋರಿಸೋಣ ಅಂತ. ಅವನ ಮುಂದೆ ಪ್ರೊಸೆಸರಿನ ವೇಗ ತೋರಿಸುವ ಸಿಪಿಯು-ಝಡ್ ತೆಗೆದರೆ 1800 ತೋರಿಸುತ್ತಿದೆ! ಬೆವರಿಳಿಯಿತು. ಆಮೇಲೆ ಪಕ್ಕದ ಸಾಲು ನೋಡಿದೆ: ಬಸ್ 300, ಮಲ್ಟಿಪ್ಲೈಯರ್ 6. ಕೆಲಸ ಇಲ್ಲದಾಗ ಕರೆಂಟ್ ಉಳಿಸಲು ಸ್ಪೀಡ್‌ಸ್ಟೆಪ್ ತಾನಾಗಿ 6ಕ್ಕೆ ಇಳಿಸುತ್ತದೆ. ಮೂರಾರ್ಲೆ ಹದಿನೆಂಟು ಕಣೋ, ಈಗ ಕೆಲಸ ಕೊಡ್ತೀನಿ ನೋಡು ಅಂತ ಪೈ ಲೆಕ್ಕ ಹಾಕಿಸುವ ಸೂಪರ್ ಪೈ ಹುಡುಕುತ್ತಿದ್ದೆ, ಅಷ್ಟರಲ್ಲಿ ಕರೆಂಟ್ ಹೋಯಿತು.