ನಿಂತುಹೋದ 25.8

ನಮ್ಮದು ಕನಕಪುರದ ಕಡೆಯ ಒಂದು ಹಳ್ಳಿ. ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಶನಿವಾರ ಬಂತೆಂದರೆ ಊರಿಗೆ ಹೊರಡುತ್ತೇನೆ. ಇದು ಒಂದು ಏಪ್ರಿಲ್ ಶನಿವಾರದ ವಿಷಯ. ಹುಳು ನಾಲ್ಕನೇ ಜ್ವರ (ತಿನ್ನೋದು ನಿಲ್ಲಿಸಿ ಪೊರೆ ಕಳಚುವ ಹೊತ್ತು) ಎದ್ದು ಮೂರು ದಿನ ಆಗಿತ್ತು. ಸಾಕಿದವರಿಗೆ ಗೊತ್ತು, ಆ ವಾರ ಮನೆಯಲ್ಲಿ ಯಾರಿಗೂ ನಿದ್ದೆ ಇರೋದಿಲ್ಲ. ಇಡೀ ಬೆಳೆಗೆ ಹಾಕುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಈ ಕೊನೆಯ ವಾರದಲ್ಲೇ ಖರ್ಚಾಗುತ್ತದೆ.

ಚಾಕಿ ಹುಳುವಿಗೆ, ಅಂದರೆ ಸಣ್ಣ ಮರಿಗಳಿಗೆ, 27-28 ಡಿಗ್ರಿ ಶಾಖ ಬೇಕು. ದೊಡ್ಡ ಹುಳುವಿಗೆ ಅಷ್ಟು ಆಗೋದಿಲ್ಲ, 24-25 ಇದ್ದರೆ ಚೆನ್ನ. ಗಾಳಿಯ ತೇವ ನೂರಕ್ಕೆ 65ರಿಂದ 70. ಏಪ್ರಿಲ್ ಬಿಸಿಲಿನಲ್ಲಿ ಇದನ್ನು ಕಾಯುವುದೇ ದೊಡ್ಡ ಕೆಲಸ. ಗೋಣಿಚೀಲ ಒದ್ದೆ ಮಾಡಿ ಕಿಟಕಿಗೆ ಕಟ್ಟುತ್ತೇವೆ, ನೆಲಕ್ಕೆ ನೀರು ಚಿಮುಕಿಸುತ್ತೇವೆ. ಯಾವಾಗ ಮಾಡಬೇಕು ಅಂತ ತಿಳಿಯೋದಕ್ಕೆ ಹುಳು ಮನೆಯ ಆ ತುದಿಯ ಗೋಡೆಯಲ್ಲಿ ಒಂದು ಥರ್ಮಾಮೀಟರ್ ಇದೆ. ಅದರ ಸಣ್ಣ ಗೆರೆ ಅಮ್ಮನಿಗೆ ಕನ್ನಡಕ ಹಾಕಿದರೂ ಸರಿಯಾಗಿ ಕಾಣೋದಿಲ್ಲ.

ಅದಕ್ಕೇ ನಾನು ಆರ್ಡುಯಿನೊ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಶಾಖ, ತೇವ ಅಳೆಯುವ ಡಿಎಚ್‌ಟಿ 22 ಸೆನ್ಸರ್ ಜೋಡಿಸಿದ್ದೆ. ಎರಡು ಸೆಕೆಂಡಿಗೊಮ್ಮೆ ಶಾಖ, ತೇವ ಎರಡನ್ನೂ ಒಂದು ಸಾಲಿನಲ್ಲಿ ಯುಎಸ್‌ಬಿ ಕೇಬಲ್ ಮೂಲಕ ಕಳಿಸುತ್ತದೆ. ಕೇಬಲ್ಲನ್ನು ಕಿಟಕಿಯ ಸರಳಿನೊಳಗಿಂದ ತೂರಿಸಿ ಪಡಸಾಲೆಯ ಹಳೇ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಅದರಲ್ಲಿ ಪ್ರೋಗ್ರಾಂ ಬರೆಯೋದಕ್ಕೆ ಪೈಥಾನ್ ಭಾಷೆ, ಕೇಬಲ್ ಸಿಕ್ಕಿಸಿದ ಪೋರ್ಟ್ ಓದೋದಕ್ಕೆ ಪೈಸೀರಿಯಲ್, ವಿಂಡೊ ತೋರಿಸೋದಕ್ಕೆ ಟಿಕಿಂಟರ್. ‘ಶಾಖ’, ‘ತೇವ’ ಅಂತ ಕನ್ನಡದಲ್ಲೇ ಬರೆದು, ಅಂಕಿಗಳನ್ನು ಅಂಗೈ ಅಗಲಕ್ಕೆ ಇಟ್ಟೆ. ಸೊಪ್ಪು ಹೆಚ್ಚುವ ಜಾಗದಿಂದಲೇ ಅಮ್ಮನಿಗೆ ಕಾಣಬೇಕು ಅನ್ನೋದು ನನ್ನ ಆಸೆ.

ಶುಕ್ರವಾರ ರಾತ್ರಿಯೇ ಬಂದು ಬರೆಯಲು ಕೂತಿದ್ದೆ. ಮೊದಲ ಸಲ ಓಡಿಸಿದಾಗ ವಿಂಡೊ ತೆರೆದ ಕೂಡಲೇ ಹ್ಯಾಂಗ್ ಆಯಿತು. ಕಾರಣ ಹುಡುಕಲು ತುಂಬ ಹೊತ್ತು ಹಿಡಿಯಲಿಲ್ಲ. ಟಿಕಿಂಟರ್ ವಿಂಡೊ ತನ್ನ ಪಾಡಿಗೆ ಸುತ್ತು ಹೊಡೆಯುತ್ತಲೇ ಇರಬೇಕು. ಯಾರಾದರೂ ಒತ್ತಿದರಾ, ಹೊಸದಾಗಿ ಬರೆಯೋದಿದೆಯಾ ಅಂತ ಕ್ಷಣಕ್ಷಣಕ್ಕೂ ನೋಡಬೇಕು. ನಾನು ಆ ಸುತ್ತು ಶುರುವಾಗಲು ಬಿಡದೆ ನನ್ನದೇ ಒಂದು ಲೂಪ್ (ಮತ್ತೆ ಮತ್ತೆ ನಡೆಯುವ ಸುತ್ತು) ಹಾಕಿ, ಅದರೊಳಗೆ ಪೋರ್ಟಿನಿಂದ ಸಾಲು ಓದುವ ರೀಡ್‌ಲೈನ್ ಇಟ್ಟಿದ್ದೆ. ರೀಡ್‌ಲೈನ್ ಒಂದು ಸಾಲು ಪೂರ್ತಿ ಬರುವವರೆಗೆ ಅಲ್ಲಾಡೋದಿಲ್ಲ. ರಾತ್ರಿ ಒಂದು ಗಂಟೆ ಆಗಿತ್ತು. ಪ್ರತಿ ಸಲ ವಿಂಡೊಗೂ ಒಂದು ಸುತ್ತು ಬಿಟ್ಟುಕೊಡಲಿ ಅಂತ ಲೂಪಿನೊಳಗೆ ‘ಅಪ್‌ಡೇಟ್’ ಅನ್ನುವ ಒಂದು ಸಾಲು ಸೇರಿಸಿದೆ. ಅಂಕಿ ಬದಲಾಗತೊಡಗಿತು. ಸಾಕು ಅಂತ ಮಲಗಿದೆ.

ಮರುದಿನ ಬೆಳಗ್ಗೆ ಒದ್ದೆ ಚೀಲ ಕಟ್ಟಿದ ಮೇಲೆ 25.8 ತೋರಿಸುತ್ತಿತ್ತು. ನಾನು ಅಪ್ಪನ ಜೊತೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋದೆ. ಹೊರೆ ಹೊತ್ತು ವಾಪಸ್ ಬರುವಾಗ ಹನ್ನೆರಡು ದಾಟಿತ್ತು. ಅಮ್ಮ ಬಾಗಿಲಲ್ಲೇ ನಿಂತಿದ್ದರು.

“ಮಗಾ, ಇದು ಆವಾಗಿಂದ ಅದನ್ನೇ ತೋರಿಸ್ತಾ ಐತೆ ಕಣಪ್ಪ. ಕೊನೆ ಅಂಕಿ ಕುಣೀತಾನೇ ಇಲ್ಲ. ಒಳಗೆ ನೋಡಿದ್ರೆ ಸೊಪ್ಪು ಬಾಡ್ತಾ ಐತೆ.”

ಓಡಿ ಹೋಗಿ ಗೋಡೆಯ ಥರ್ಮಾಮೀಟರ್ ನೋಡಿದೆ. 31! ತಟ್ಟೆಯ ಮೇಲಿನ ಎಲೆಗಳ ಅಂಚು ಸುರುಟಿಕೊಂಡಿತ್ತು, ಹುಳು ತಲೆ ಎತ್ತಿಕೊಂಡು ಸುಮ್ನೆ ಕೂತಿದ್ದವು. ಪಡಸಾಲೆಯಲ್ಲಿ ಮಾತ್ರ ದೊಡ್ಡ ಅಕ್ಷರದಲ್ಲಿ 25.8. ಮೊದಲು ಮೂವರೂ ಸೇರಿ ಚೀಲಕ್ಕೆ ನೀರು ಹಾಕಿದೆವು, ನೆಲ ತೋಯಿಸಿದೆವು, ಹೊಸ ಸೊಪ್ಪು ಕೊಟ್ಟೆವು. ತಿನ್ನುವ ಸದ್ದು ಮತ್ತೆ ಶುರುವಾದ ಮೇಲೆಯೇ ನಾನು ಲ್ಯಾಪ್‌ಟಾಪ್ ಮುಂದೆ ಕೂತಿದ್ದು.

ಸೊಪ್ಪಿನ ಕುಕ್ಕೆ ತಗುಲಿ ಸೆನ್ಸರಿನ ವೈರ್ ಸಡಿಲವಾಗಿತ್ತು. ಸೆನ್ಸರ್ ಸಿಗದಿದ್ದರೆ ಏನೂ ಕಳಿಸಬೇಡ ಅಂತ ಬೋರ್ಡಿಗೆ ಹೇಳಿದ್ದವನು ನಾನೇ. ಇತ್ತ ರೀಡ್‌ಲೈನ್‌ಗೆ ಟೈಮ್‌ಔಟ್, ಅಂದರೆ ಇಷ್ಟು ಹೊತ್ತು ಮಾತ್ರ ಕಾಯಿ ಅನ್ನುವ ಗಡುವು, ಕೊಟ್ಟಿರಲಿಲ್ಲ. ಬಾರದ ಸಾಲಿಗೆ ಅದು ಕಾಯುತ್ತಲೇ ಇತ್ತು, ಅದರ ಜೊತೆ ವಿಂಡೊ ಕೂಡ. ಮೌಸ್ ಒತ್ತಿದ್ದರೆ ‘ನಾಟ್ ರೆಸ್ಪಾಂಡಿಂಗ್’ ಅಂತ ಬಂದು ಗೊತ್ತಾಗುತ್ತಿತ್ತೇನೋ. ಅಮ್ಮ ಅದನ್ನು ಮುಟ್ಟಿರಲಿಲ್ಲ, ನೋಡುತ್ತಿದ್ದರು ಅಷ್ಟೇ. ಹಳೇ ಅಂಕಿ ಹಾಗೇ ಉಳಿದಿತ್ತು. ಸ್ಕ್ರೀನ್ ಕಪ್ಪಾಗಿದ್ದರೆ ಅಮ್ಮ ಯಾವಾಗಲೋ ಗೋಡೆ ಹತ್ತಿರ ಹೋಗಿ ನೋಡಿರುತ್ತಿದ್ದರು, ಅಲ್ವಾ? ನಾನು ತೋರಿಸಿದ ಅಂಕಿಯನ್ನು ನಂಬಿ ಕೂತಿದ್ದರು. ಅದು ನನಗೆ ತುಂಬ ಚುಚ್ಚಿತು.

ಪೂರ್ತಿ ಬಿಚ್ಚಿ ಹೊಸದಾಗಿ ಬರೆದೆ. ಪೋರ್ಟ್ ಓದುವ ಕೆಲಸವನ್ನು ವಿಂಡೊದ ಜೊತೆಜೊತೆಗೇ ತನ್ನ ಪಾಡಿಗೆ ಓಡುವ ಬೇರೆ ಥ್ರೆಡ್‌ಗೆ ಕೊಟ್ಟೆ, ಒಂದು ಸೆಕೆಂಡಿನ ಟೈಮ್‌ಔಟ್ ಇಟ್ಟೆ. ಆ ಥ್ರೆಡ್ ವಿಂಡೊವನ್ನು ನೇರವಾಗಿ ಮುಟ್ಟಬಾರದು. ಟಿಕಿಂಟರ್‌ನಲ್ಲಿ ಹಾಗೆ ಮಾಡಿದರೆ ಯಾವಾಗ ಕೈಕೊಡುತ್ತದೋ ಹೇಳಲಾಗದು. ಹಾಗಾಗಿ ಬಂದ ಅಂಕಿಯನ್ನೂ ಬಂದ ಹೊತ್ತನ್ನೂ ಅದು ಒಂದು ಕ್ಯೂನಲ್ಲಿ (ಸರದಿ ಸಾಲಿನಲ್ಲಿ) ಹಾಕಿಬಿಡುತ್ತದೆ. ವಿಂಡೊ ಅರ್ಧ ಸೆಕೆಂಡಿಗೊಮ್ಮೆ, ಇಷ್ಟು ಹೊತ್ತಿನ ಮೇಲೆ ಈ ಕೆಲಸ ಮಾಡು ಅನ್ನುವ ಟಿಕಿಂಟರ್‌ನ ‘ಆಫ್ಟರ್’ ಮೂಲಕ ಬಂದು ಕ್ಯೂನಲ್ಲಿ ಇದ್ದದ್ದನ್ನು ಎತ್ತಿಕೊಳ್ಳುತ್ತದೆ. ಇಲ್ಲದಿದ್ದರೆ ಕಾಯದೆ ಮುಂದೆ ಹೋಗುತ್ತದೆ. ಪೋರ್ಟ್ ತೆರೆದಾಗ ಬೋರ್ಡ್ ಒಮ್ಮೆ ರೀಸೆಟ್ ಆಗುವುದರಿಂದ ಮೊದಲ ಸಾಲು ಕೆಲವು ಸಲ ಅರ್ಧಂಬರ್ಧ ಬರುತ್ತದೆ. ಅಂಥದ್ದನ್ನು ಬಿಟ್ಟುಬಿಡಲು ಹೇಳಿದೆ.

ಹೆಚ್ಚು ಹೊತ್ತು ಯೋಚಿಸಿದ್ದು ಕೆಳಗಿನ ಒಂದು ಸಣ್ಣ ಸಾಲಿನ ಬಗ್ಗೆ. ‘2 ಸೆಕೆಂಡ್ ಹಿಂದೆ’ ಅಂತ ಅದು ಯಾವಾಗಲೂ ಹೇಳುತ್ತಿರಬೇಕು. ಹತ್ತು ಸೆಕೆಂಡ್ ದಾಟಿತೋ, ಅಂಕಿ ಅಳಿಸಿ ಎರಡು ಗೆರೆ ಬರಬೇಕು, ಹಿಂದೆಲ್ಲ ಕೆಂಪಾಗಬೇಕು. ವಿಂಡೊ ಯಾರಿಗೂ ಕಾಯದೆ ಸುತ್ತುತ್ತಿದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಥ್ರೆಡ್ ಹಾಕಿದ್ದರ ನಿಜವಾದ ಲಾಭ ನನಗೆ ಕಂಡದ್ದು ಇಲ್ಲೇ.

ಸಂಜೆ ಅಮ್ಮನನ್ನು ಕೂರಿಸಿ ವೈರ್ ಕಿತ್ತೆ. ಅವರು ಜೋರಾಗಿ ಎಣಿಸಿದರು. ಒಂಬತ್ತು, ಹತ್ತು, ಕೆಂಪಾಯಿತು. ಇನ್ನೊಂದು ಸಲ ಮಾಡು ಅಂದರು. ಮತ್ತೆ ಕಿತ್ತೆ. ಮೂರನೇ ಸಲ ತಾವೇ ಒಳಗೆ ಹೋಗಿ ಕಿತ್ತು, ತಾವೇ ಸಿಕ್ಕಿಸಿ, ಹೊರಗೆ ಬಂದು ಅಂಕಿ ನೋಡಿದರು.

ಸೋಮವಾರ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಫೋನ್ ಬಂತು. “ಗೆರೆ ಬಂದಿತ್ತು ಮಗಾ. ವೈರ್ ಒತ್ತಿದೆ, ಸರಿಹೋಯ್ತು. 26.3 ಐತೆ, ಚೀಲಕ್ಕೆ ನೀರು ಹಾಕ್ತಾ ಇವ್ನಿ,” ಅಂದು ಇಟ್ಟರು.