ಹೇಗ್‌ಗೆ ಹೋದಾಗ ಮೆಸ್ಡಾಗ್ ಕಡಲಿಗೆ ಅರ್ಧ ದಿನ ಇಟ್ಟುಕೊಳ್ಳಿ

ಆಮ್‌ಸ್ಟರ್‌ಡ್ಯಾಮ್‌ನಿಂದ ಹೇಗ್‌ಗೆ ರೈಲಿನಲ್ಲಿ ಸುಮಾರು 50 ನಿಮಿಷ. ನಮ್ಮ ಕಡೆಯಿಂದ ಹೋದವರು ಹೆಚ್ಚಾಗಿ ಮೌರಿಟ್ಸ್‌ಹೌಸ್ ಕಲಾ ಮ್ಯೂಸಿಯಂ ನೋಡಿ ವಾಪಸಾಗುತ್ತಾರೆ. ಅಲ್ಲಿಂದ ನಡೆದೇ ಹೋಗಬಹುದಾದ ಝೇಸ್ತ್ರಾತ್ ಬೀದಿಯ 'ಪನೋರಮಾ ಮೆಸ್ಡಾಗ್', ಅಂದರೆ ನೋಡುವವರ ಸುತ್ತಲೂ ಹರಡಿರುವ ಕಡಲ ಚಿತ್ರವನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಅದನ್ನು ಬರೆದ ಹೆಂಡ್ರಿಕ್ ವಿಲ್ಲೆಮ್ ಮೆಸ್ಡಾಗ್ (1831–1915) ಗ್ರೋನಿಂಗೆನ್ ಊರಿನ ಬ್ಯಾಂಕರ್ ಮನೆತನದವರು. 35ರ ವಯಸ್ಸಿನಲ್ಲಿ ಬ್ಯಾಂಕಿನ ಕೆಲಸ ಬಿಟ್ಟು ಚಿತ್ರಕಲೆ ಕಲಿಯಲು ಬ್ರಸೆಲ್ಸ್‌ಗೆ ಹೊರಟರು. ಹೆಂಡತಿ ಸಿಂಟ್ಯೆಗೆ ತವರಿನಿಂದ ಬಂದ ಆಸ್ತಿ ಆಸರೆಯಾಯಿತು. 1868ರ ಬೇಸಿಗೆಯಲ್ಲಿ ಜರ್ಮನಿಯ ನಾರ್ಡರ್ನೈ ದ್ವೀಪದಲ್ಲಿ ಕಡಲಿನ ಹುಚ್ಚು ಹಿಡಿದದ್ದು ಕೊನೆಯವರೆಗೂ ಬಿಡಲಿಲ್ಲ. ಮರುವರ್ಷವೇ ಹೇಗ್‌ಗೆ ಬಂದು ನೆಲೆಸಿದರು. 1870ರಲ್ಲಿ ಪ್ಯಾರಿಸ್ ಸಲೋನ್ ಎಂಬ ಕಲಾ ಪ್ರದರ್ಶನದಲ್ಲಿ ಚಿನ್ನದ ಪದಕ ಬಂತು.

ಪನೋರಮಾದಲ್ಲಿ ಕತ್ತಲೆಯ ದಾರಿ ಹಿಡಿದು, ಸುರುಳಿ ಮೆಟ್ಟಿಲು ಹತ್ತಿ ಮೇಲೆ ಬಂದರೆ ಸುತ್ತಲೂ ಹೇಗ್‌ನ ಕಡಲತೀರವಾದ ಶೆವೆನಿಂಗೆನ್, 1881ರಲ್ಲಿ ಇದ್ದ ಹಾಗೆ. 14 ಮೀಟರ್ ಎತ್ತರ, ಸುಮಾರು 120 ಮೀಟರ್ ಸುತ್ತಳತೆಯ ಒಂದೇ ಚಿತ್ರ. ಕ್ಯಾನ್ವಾಸಿನ ಕೆಳಗಿನ ಅಂಚು ಕಾಣದಂತೆ ನಿಜವಾದ ಮರಳು ಹಾಸಿದ್ದಾರೆ; ಮರಳು ಎಲ್ಲಿ ಮುಗಿದು ಬಣ್ಣ ಎಲ್ಲಿ ಶುರುವಾಯಿತೆಂದು ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಬೆಳಕು ಗಾಜಿನ ಛಾವಣಿಯಿಂದ ಬರುತ್ತದೆ. ಹೊರಗೆ ಮೋಡ ಅಡ್ಡ ಬಂದರೆ ಒಳಗಿನ ಕಡಲೂ ಮಂಕಾಗುತ್ತದೆ, ಬಿಸಿಲು ಬಿದ್ದರೆ ಮತ್ತೆ ಹೊಳೆಯುತ್ತದೆ. ಆದ್ದರಿಂದ ಮೋಡ, ಬಿಸಿಲು ಎರಡೂ ಇರುವ ದಿನ ನೋಡಿ ಹೋಗಿ. ಚಳಿಗಾಲವಾದರೆ ಬೇಗ ಕತ್ತಲಾಗುತ್ತದೆ, ಮುಂಚೆಯೇ ಹೋಗಿ. ಕಡಿಮೆಯೆಂದರೂ ಅರ್ಧ ಗಂಟೆ ಅಲ್ಲೇ ನಿಲ್ಲಿ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಮೆಟ್ಟಿಲಿನ ವಿಷಯ ಮೊದಲೇ ವಿಚಾರಿಸಿಕೊಳ್ಳಿ.

ಚಿತ್ರದಲ್ಲಿ ಮೀನುದೋಣಿಗಳು ಮರಳಿನ ಮೇಲೇ ನಿಂತಿವೆ. ಆಗ ಅಲ್ಲಿ ಬಂದರು ಇರಲಿಲ್ಲ, ಅದು ಆದದ್ದು 1904ರಲ್ಲಿ. ಚಪ್ಪಟೆ ತಳದ ದೋಣಿಗಳನ್ನು ದಡಕ್ಕೆ ಎಳೆದು ನಿಲ್ಲಿಸುತ್ತಿದ್ದರು. ಬಿಳಿ ಕೊಡೆಯ ಕೆಳಗೆ ಕೂತು ಚಿತ್ರ ಬರೆಯುತ್ತಿರುವ ಹೆಂಗಸನ್ನು ಹುಡುಕಿ. ಅವರೇ ಸಿಂಟ್ಯೆ, ಸ್ವತಃ ಕಲಾವಿದೆ. ಈ ಚಿತ್ರಕ್ಕೆ ಕೈಜೋಡಿಸಿದವರು ಕೂಡ. ಇದನ್ನು ಮಾಡಿಸಿದ ಕಂಪನಿ 1886ರಲ್ಲಿ ದಿವಾಳಿಯಾದಾಗ ಮೆಸ್ಡಾಗ್ ತಾವೇ ಕೊಂಡು ಉಳಿಸಿಕೊಂಡರು. ಆ ಒಂದು ಕೆಲಸಕ್ಕಾಗಿಯೇ ಅವರ ಮೇಲೆ ನನಗೆ ಬಹಳ ಗೌರವ.

ದಂಪತಿಯ ಸಂಗ್ರಹವಿರುವ 'ದ ಮೆಸ್ಡಾಗ್ ಕಲೆಕ್ಸಿ' ಹತ್ತಿರದಲ್ಲೇ ಇದೆ. ಅದು ಬೇರೆ ಮ್ಯೂಸಿಯಂ, ತೆರೆದಿರುವ ದಿನ ನೋಡಿಕೊಂಡು ಹೊರಡಿ.

ಶೆವೆನಿಂಗೆನ್‌ಗೆ 1ನೇ ನಂಬರ್ ಟ್ರಾಮ್ ಹೋಗುತ್ತದೆ. ಪನೋರಮಾ ನೋಡಿದ ಮೇಲೆಯೇ ಅಲ್ಲಿಗೆ ಹೋಗಿ, ಆಗ ತೀರ ಎಷ್ಟು ಬದಲಾಗಿದೆ ಎಂದು ತಿಳಿಯುತ್ತದೆ. ಬೇಸಿಗೆಯಾದರೂ ಗಾಳಿಗೆ ತಡೆಯುವ ಜಾಕೆಟ್ ಇರಲಿ.